ಕಿಟಕಿಯ ದೀಪ ಆರಿಸುವವನು

ಇನ್ನೂರ ಹನ್ನೊಂದು ಸಲ ಒಬ್ಬ ಗಂಡಸು ಸೇತುವೆಯಿಂದ ಹಾರಿ ಸತ್ತಿದ್ದಾನೆ. ಅಷ್ಟೂ ಸಲ ಅವನನ್ನು ಹಾರಿಸಿದ್ದು ನನ್ನ ಬಲಗೈ ತೋರುಬೆರಳು. ಪೊಲೀಸರು ಬರಲಿಲ್ಲ. ಸೇತುವೆ ಪ್ಲೈವುಡ್ಡಿನದು, ಕೆಳಗೆ ದಪ್ಪ ಹಾಸಿಗೆ ಹಾಸಿರುತ್ತದೆ, ಸತ್ತವನು ಹತ್ತು ನಿಮಿಷದಲ್ಲಿ ಎದ್ದು ಬಂದು ತಲೆಬಾಗಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಾನೆ. ನಾನು ನಾಟಕಮಂದಿರದ ಲೈಟಿನವನು. ಇಪ್ಪತ್ತಾರು ವರ್ಷದಿಂದ ಹಾಲಿನ ಹಿಂಗೋಡೆಯ ಮೇಲಿನ ಗಾಜಿನ ಗೂಡಿನಲ್ಲಿ ಕೂತು, ಹೇಳಿದ ದೀಪ ಹತ್ತಿಸಿ, ಹೇಳಿದ ದೀಪ ಆರಿಸಿಕೊಂಡು ಬಂದವನು.

ಇನ್ನೂರ ಹನ್ನೆರಡನೆಯದು ಕೊನೆಯ ಆಟ. ಮಧ್ಯಾಹ್ನ ಮೂರಕ್ಕೆ ಶುರು, ಐದೂಮುಕ್ಕಾಲಿಗೆ ಮುಕ್ತಾಯ. ಏಳಕ್ಕೆ ನನ್ನ ಹೆಂಡತಿ ನನ್ನನ್ನು ಬಿಟ್ಟು ಬಸ್ಸು ಹತ್ತುವವಳಿದ್ದಳು.

ಅದು ಹಾಡಿನ ನಾಟಕ, ಕಥೆ ಇಷ್ಟೇ. ಸೇತುವೆ ಕಾಯುವವನಿಗೂ ಆಚೆ ದಡದ ನೇಯುವವಳಿಗೂ ಪ್ರೀತಿ. ಹುಡುಗಿಯ ಮನೆಯಲ್ಲಿ ಯಾರಿಗೂ ಒಪ್ಪಿಗೆಯಿಲ್ಲ. ಓಡಿಹೋಗುವ ದಿನ ಅವಳು ಕಿಟಕಿಯಲ್ಲಿ ದೀಪ ಇಡಬೇಕೆಂದು ಮಾತಾಗಿರುತ್ತದೆ. ದೀಪ ಉರಿಯುತ್ತಿದ್ದರೆ ಬರುತ್ತೇನೆಂದು ಅರ್ಥ, ಆರಿದರೆ ನನ್ನನ್ನು ಮರೆತುಬಿಡು ಎಂದು. ಅವಳು ದೀಪ ಹಚ್ಚಿಟ್ಟು ಗಂಟು ಕಟ್ಟಿಕೊಂಡು ಹಿತ್ತಲ ಬಾಗಿಲಿಂದ ಹೊರಡುತ್ತಾಳೆ. ಅಷ್ಟರಲ್ಲಿ ಗಾಳಿ ಬೀಸಿ ದೀಪ ಆರುತ್ತದೆ, ಅವನು ಹಾರುತ್ತಾನೆ. ಅವಳು ಹಾಡುತ್ತಾ ಬಂದು ನೋಡಿದರೆ ಸೇತುವೆಯ ಮೇಲೆ ಅವನ ಟೋಪಿ ಮಾತ್ರ. ಹಾಡು ಮುಗಿಯುವ ಮೊದಲೇ ಅವಳೂ ಹಾರುತ್ತಾಳೆ. ಜನ ಮೂಗು ಒರೆಸಿಕೊಳ್ಳುತ್ತಾ ಆ ಹಾಳು ಗಾಳಿಗೆ ಶಾಪ ಹಾಕುತ್ತಾರೆ. ಆ ಹಾಳು ಗಾಳಿ ನಾನೇ. ನಮ್ಮ ಲೆಕ್ಕದಲ್ಲಿ ಅದು ಲೈಟ್ ನಂಬರ್ ತೊಂಬತ್ತನಾಲ್ಕು.

ನಮ್ಮಲ್ಲಿ ಪ್ರತಿ ಬದಲಾವಣೆಗೂ ಒಂದು ನಂಬರು. ಯಾರೂ ತಮಗೆ ತೋಚಿದಾಗ ಗುಂಡಿ ಒತ್ತುವಂತಿಲ್ಲ. ರಂಗದ ಎಡಬದಿಯ ಮರೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ನೀಲಿ ಬಲ್ಬು, ಅದರ ಕೆಳಗೆ ನಾಟಕದ ಪ್ರತಿ. ಅಲ್ಲಿ ಕೂತವಳು ನಂಬರು ಹೇಳಿ 'ಸಿದ್ಧ' ಎನ್ನುತ್ತಾಳೆ. ನಾವೂ ಹೆಡ್‌ಫೋನಿನಲ್ಲಿ 'ಸಿದ್ಧ' ಎನ್ನಬೇಕು. ಆಮೇಲೆ ಅವಳು 'ಈಗ' ಎಂದರೆ ಮಾತ್ರ ಬೆರಳು ಆಡಬೇಕು. ಒಂದು ಉಸಿರು ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಆ 'ಈಗ' ಹೇಳುವವಳೇ ನನ್ನ ಹೆಂಡತಿ.

ಎರಡನೇ ಅಂಕದಲ್ಲಿ ಪ್ರೇಮಿಗಳು ಕೈಕೈ ಹಿಡಿದು ಏಳು ನಿಮಿಷ ಹಾಡುತ್ತಾರೆ. ಆಗ ನಮಗೆ ಯಾವ ನಂಬರೂ ಇಲ್ಲ. ಆ ಏಳು ನಿಮಿಷ ಹೆಡ್‌ಫೋನಿನಲ್ಲಿ ನಮ್ಮದೇ ಒಂದು ಆಟ ನಡೆಯುತ್ತಿತ್ತು. ದಿನಕ್ಕೊಬ್ಬರು ಆ ಜೋಡಿಯನ್ನು ಬದುಕಿಸಬೇಕು. ಪರದೆ ಎಳೆಯುವವನು, ನಾವೆಲ್ಲ ಅವನನ್ನು 'ಪರದೆ' ಎಂದೇ ಕರೆಯುವುದು, ಇದರಲ್ಲಿ ನಿಸ್ಸೀಮ. ಸೇತುವೆ ಕಾಯುವವನಿಗೆ ಈಜು ಬರುತ್ತದೆ ಎಂದ ಒಂದು ದಿನ. ಅವಳೇ ಮೊದಲು ಬರುತ್ತಾಳೆ, ಅವನು ಕೆಲಸದ ಮೇಲೇ ನಿದ್ದೆ ಹೊಡೆಯುತ್ತಿರುತ್ತಾನೆ ಎಂದ ಇನ್ನೊಂದು ದಿನ. ಇಬ್ಬರೂ ಓಡಿಹೋಗಿ ಮದುವೆಯಾಗಿ ಮೂರನೇ ತಿಂಗಳಿಗೆ ಕಿಟಕಿ ಮುಚ್ಚುವ ವಿಚಾರಕ್ಕೆ ಜಗಳ ಆಡುತ್ತಾರೆ ಎಂದಾಗ ಸೌಂಡಿನವನು ನಕ್ಕು ನಕ್ಕು ಇನ್ನೇನು ಮೈಕ್ ಬೀಳಿಸುವವನಿದ್ದ. ನನ್ನದು ಯಾವಾಗಲೂ ಒಂದೇ: ದೀಪಕ್ಕೆ ಗಾಜು ಹಾಕಿದ್ದರೆ ಮುಗಿದುಹೋಗುತ್ತಿತ್ತು.

ನನ್ನ ಹೆಂಡತಿ ಈ ಆಟಕ್ಕೆ ಸೇರಿದವಳೇ ಅಲ್ಲ. "ಸಾಕು, ಎಂಬತ್ತೊಂದು ಸಿದ್ಧ" ಎಂದು ನಮ್ಮ ಬಾಯಿ ಮುಚ್ಚಿಸುವುದಷ್ಟೇ ಅವಳ ಕೆಲಸ. ಒಂದೇ ಒಂದು ಸಲ, ಇನ್ನೂರನೆಯ ಆಟದ ಸುಮಾರಿಗೆ, ತಾನಾಗಿ ಬಾಯಿ ಬಿಟ್ಟಳು.

"ದೀಪ ಆರಿದ್ರೆ ಆರ್ಲಿ. ಸೇತುವೆಯಿಂದ ಅವಳ ಮನೆಗೆ ಎಷ್ಟು ದೂರ? ನಮ್ಮ ರಂಗದ ಮೇಲೆ ಹನ್ನೊಂದು ಹೆಜ್ಜೆ. ನಡ್ಕೊಂಡು ಹೋಗಿ, ಬಾಗಿಲು ತಟ್ಟಿ, 'ಬರ್ತೀಯಾ, ಇಲ್ವಾ?' ಅಂತ ಕೇಳ್ಬಹುದಿತ್ತಲ್ಲ? ಕೇಳೋಕೆ ಬಾಯಿಲ್ದೆ ಸತ್ತ, ಅಷ್ಟೇ."

ಯಾರೂ ನಗಲಿಲ್ಲ. ಇದು ಯಾರಿಗೆ ಹೇಳಿದ್ದು ಎಂದು ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಥವಾಯಿತು. ಕಿವಿಗೆ ಹಾಕಿಕೊಳ್ಳದೆ ಕೂತೆ.

ಕೊನೆಯ ಆಟಕ್ಕೆ ಮೂರು ದಿನ ಮುಂಚೆ, ಬೆಳಗ್ಗೆ, ನಾನು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿ ಮುಂದೆ ನಿಂತಿದ್ದಾಗ ಅವಳು ಬಚ್ಚಲ ಬಾಗಿಲಿಗೆ ಬಂದಳು.

"ರೀ, ಊರೂರು ತಿರುಗೋ ಕಂಪನಿಯವರು ನನ್ನ ಕರ್ದಿದ್ದಾರೆ. ಎರಡು ವರ್ಷ. ಕೊನೇ ಆಟದ ದಿನಾನೇ ಸಂಜೆ ಏಳಕ್ಕೆ ಬಸ್ಸು."

"ಹೌದಾ?"

"ಹೌದಾ ಅಂದ್ರೆ?"

"ನಿನ್ನಿಷ್ಟ" ಎಂದೆ.

ಆ ಮಾತು ದೊಡ್ಡ ಮನಸ್ಸಿನದು ಎಂದೇ ನಾನು ತಿಳಿದಿದ್ದೆ. ಅವಳ ಮುಖ ನೋಡಿದ ಮೇಲೆ ಹಾಗನ್ನಿಸಲಿಲ್ಲ.

"ಹತ್ತೊಂಬತ್ತು ವರ್ಷ ಆಯ್ತು. ಏಳಿ ಅಂದ್ರೆ ಏಳ್ತೀರಿ, ಊಟಕ್ಕೆ ಬನ್ನಿ ಅಂದ್ರೆ ಬರ್ತೀರಿ, ಕೊಡೆ ತಗೊಳ್ಳಿ ಅಂದ್ರೆ ತಗೋತೀರಿ. ಅಲ್ಲೂ ನಾನೇ 'ಈಗ' ಅನ್ಬೇಕು, ಇಲ್ಲೂ ನಾನೇ ಅನ್ಬೇಕು. ನಾನು ಹೇಳದೆ ಒಂದೇ ಒಂದು ಕೆಲಸ ಮಾಡಿದ್ದೀರಾ?"

ನಾನು ಯೋಚಿಸಿದೆ. ಒಂದು ಸಿಕ್ಕಿತು. "ಹೋದ್ವರ್ಷ ನಲ್ಲಿ ರಿಪೇರಿ ಮಾಡ್ಸಿದ್ನಲ್ಲ?"

"ಅದೂ ನಾನೇ ಹೇಳಿದ್ದು. ಆಟ ಮುಗಿದ ಮೇಲೆ ಕಂಪನಿಯವರಿಗೆ ಫೋನ್ ಮಾಡಿ ಬರ್ತೀನೋ ಇಲ್ವೋ ಹೇಳ್ಬೇಕು. ಅಲ್ಲೀತನಕ ನಿಮ್ಗೂ ಟೈಮ್ ಇದೆ. ಇವತ್ತಿಂದ ನಿಮ್ಗೆ ನಾಟಕದ ನಂಬರ್ ಬಿಟ್ಟು ಇನ್ನೇನೂ ಹೇಳಲ್ಲ ನಾನು."

ನನಗೂ ಸಿಟ್ಟು ನೆತ್ತಿಗೇರಿತು. ಹೋಗುವವರನ್ನು ಕಾಲು ಹಿಡಿದು ನಿಲ್ಲಿಸುವುದು ನನ್ನ ಜಾಯಮಾನವಲ್ಲ ಎಂದು ಕನ್ನಡಿಗೆ ಹೇಳಿಕೊಂಡೆ. ಅದೆಲ್ಲ ಬರೀ ಜಂಬ. ನಿಜ ಹೇಳುತ್ತೇನೆ, ಆ ಕ್ಷಣದಿಂದ ನನ್ನ ಜೀವ ಬಾಯಿಗೆ ಬಂದಿತ್ತು. ಆದರೂ ಬಾಯಿಗೆ ಬೀಗ ಜಡಿದುಕೊಂಡು ಮೂರು ದಿನ ಕಳೆದೆ. ಒಂದು ದಿನ ಅಂಗಿಯನ್ನು ಒಳಮೈ ಹೊರಗಾಗಿ ಹಾಕಿಕೊಂಡು ಬೀದಿಯಲ್ಲಿ ನಡೆದೆ, ಇನ್ನೊಂದು ದಿನ ಊಟವೇ ಮರೆತೆ. ಅವಳು ನೋಡಿದಳು, ತುಟಿ ಪಿಟಕ್ಕೆನ್ನಲಿಲ್ಲ. ಮೂರನೆಯ ದಿನ ಬೆಳಗ್ಗೆ ಬಾಗಿಲ ಹತ್ತಿರ ಅವಳ ಕಂದು ಬ್ಯಾಗು ಜಿಪ್ ಹಾಕಿಕೊಂಡು ಕೂತಿತ್ತು.

ಕೊನೆಯ ಆಟಕ್ಕೆ ಹಾಲ್ ತುಂಬ ಜನ. ಅರ್ಧ ಗಂಟೆ ಮುಂಚೆ ಹೆಡ್‌ಫೋನಿನಲ್ಲಿ ಅವಳ ದನಿ ಬಂತು, ಎಲ್ಲರಿಗೂ ಸಮಯ ಹೇಳಿದಳು. ಮಾಮೂಲಿಯಾಗಿ ಆಮೇಲೆ ನನಗೆಂದೇ ಎರಡು ಮಾತು ಇರುತ್ತಿತ್ತು, ಕನ್ನಡಕ ಒರೆಸಿಕೊಳ್ಳಿ, ಬ್ಯಾಟರಿ ಬದಲಾಯಿಸಿ, ನೀರು ಇಟ್ಕೊಳ್ಳಿ, ಹೀಗೆ. ಅವತ್ತು ಇರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ನಾನೂ ಬಿಗುಮಾನದಿಂದ ಕೂತೆ.

ನಾಟಕ ನೀರು ಹರಿದಂತೆ ಸಾಗಿತು. ನನಗೆ ಅದು ಯಾವುದೂ ಕಾಣುತ್ತಿರಲಿಲ್ಲ. ಗೂಡಿನ ಗಾಜಿನಿಂದ ದೂರದ ಎಡಮರೆಯಲ್ಲಿ ಆ ನೀಲಿ ಬಲ್ಬು, ಅದರ ಕೆಳಗೆ ಅವಳ ಮೊಣಕೈ ಮಾತ್ರ ಕಾಣುತ್ತದೆ. ನಾನು ಆ ಮೊಣಕೈಯನ್ನೇ ನೋಡುತ್ತಿದ್ದೆ. ಏಳು ನಿಮಿಷದ ಹಾಡು ಬಂದಾಗ ಪರದೆ ಕೇಳಿದ, "ಅಣ್ಣ, ಕೊನೇ ಸಲ. ಇವತ್ತು ಯಾರು ಬದುಕಿಸ್ತೀರಿ?" ಸೌಂಡಿನವನು ಗಂಟಲು ಸರಿಮಾಡಿಕೊಂಡ. ಹೆಂಡತಿ ಏನಾದರೂ ಹೇಳಬಹುದೆಂದು ನಾನು ಕಾದೆ. ಬಹುಶಃ ಅವಳು ನನಗೆ ಕಾದಳು. ಏಳು ನಿಮಿಷ ಹಾಗೇ ಮುಗಿದುಹೋಯಿತು.

"ಎಂಬತ್ತೊಂದು ಸಿದ್ಧ" ಎಂದಳು ಅವಳು. ದನಿ ಒಣಗಿತ್ತು.

ಹೇಳಿಬಿಡಲೇ ಎಂದು ಎಂಬತ್ತೈದರಲ್ಲಿ ಅನ್ನಿಸಿತು. ಎಂಬತ್ತೊಂಬತ್ತರಲ್ಲಿ ಬಾಯಿ ತೆರೆದೂ ತೆರೆದೆ. ಉಳಿದಿಬ್ಬರೂ ಕೇಳಿಸಿಕೊಳ್ಳುತ್ತಾರಲ್ಲ ಎಂದು ಮತ್ತೆ ಮುಚ್ಚಿದೆ. ತೊಂಬತ್ತೆರಡರಲ್ಲಿ ನೇಯುವವಳು ಕಿಟಕಿಯಲ್ಲಿ ದೀಪ ಹಚ್ಚಿ ಮರೆಗೆ ಹೋದಳು. ತೊಂಬತ್ತಮೂರರಲ್ಲಿ ಸೇತುವೆ ಕಾಯುವವನು ಟೋಪಿ ತೆಗೆದು ಕಟಕಟೆಯ ಮೇಲಿಟ್ಟ. ಪಿಟೀಲಿನವರು ಆ ನಾಲ್ಕು ಸ್ವರ ಹಿಡಿದರು. ದೀಪ ಆರುವವರೆಗೂ ಅದನ್ನೇ ಸುತ್ತಿಸುತ್ತಿರಬೇಕೆಂಬುದು ಅವರಿಗಿದ್ದ ಸೂಚನೆ.

"ತೊಂಬತ್ತನಾಲ್ಕು ಸಿದ್ಧ."

"ಸಿದ್ಧ" ಎಂದೆ. ಬೆರಳು ಗುಂಡಿಯ ಮೇಲಿತ್ತು.

'ಈಗ' ಬರಲಿಲ್ಲ.

ನಾಲ್ಕು ಸ್ವರ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮಾಮೂಲಿಯಾಗಿ ಎರಡನೇ ಸುತ್ತಿನ ಕೊನೆಗೆ 'ಈಗ'. ಮೂರನೆಯದೂ ಮುಗಿಯಿತು. ಹೆಡ್‌ಫೋನಿನಲ್ಲಿ ಉಸಿರಿನ ಸದ್ದು ಕೂಡ ಇಲ್ಲ, ಅಷ್ಟು ಅಚ್ಚುಕಟ್ಟಾದ ಮೌನ. ಸೇತುವೆ ಕಾಯುವವನು ಕಿಟಕಿಯನ್ನೇ ನೋಡುತ್ತಿದ್ದ. ನಾನು ನೀಲಿ ಬಲ್ಬನ್ನೇ ನೋಡುತ್ತಿದ್ದೆ. ಮೊಣಕೈ ಅಲ್ಲಾಡಲಿಲ್ಲ.

ಇನ್ನೂರ ಹನ್ನೊಂದು ಆಟದಲ್ಲಿ ಒಂದು ಸಲವೂ ತಪ್ಪದವಳು ಇವತ್ತು ತಪ್ಪುವಳೇ? ಇಲ್ಲ. ಬೇಕೆಂದೇ ಹೇಳುತ್ತಿಲ್ಲ. ಅವನನ್ನು ಸಾಯಿಸಲು ಅವಳಿಗೆ ಮನಸ್ಸಿಲ್ಲ. ಅಂದರೆ ಹೋಗಲೂ ಮನಸ್ಸಿಲ್ಲ. ಹತ್ತೊಂಬತ್ತು ವರ್ಷದ ಹೆಂಡತಿ ನನಗೆ ಹೀಗೆ ತಿಳಿಸುತ್ತಿದ್ದಾಳೆ ಎಂದು ಹೊಳೆದಾಗ ನನ್ನ ಕಣ್ಣು ಮಂಜಾಯಿತು. ಬೆರಳನ್ನು ಗುಂಡಿಯಿಂದ ತೆಗೆದು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟೆ.

ಪಾಪ, ಸೇತುವೆಯ ಮೇಲಿನವನ ಪಾಡು ನೋಡಲಾಗುತ್ತಿರಲಿಲ್ಲ. ಟೋಪಿ ಹಾಕಿಕೊಂಡ, ತೆಗೆದ. ಕಣ್ಣು ಕಿರಿದು ಮಾಡಿ ನೋಡಿದ. ಪಿಟೀಲಿನವರು ಎಂಟನೆಯ ಸುತ್ತಿನಲ್ಲಿದ್ದರು, ಹಾಲಿನಲ್ಲಿ ಯಾರೋ ಕೆಮ್ಮಿದರು. ಉರಿಯುವ ದೀಪ ನೋಡಿಕೊಂಡು ಹಾರಿದರೆ ಜನ ಹುಚ್ಚನೆನ್ನುತ್ತಾರೆ, ಹಾರದಿದ್ದರೆ ನಾಟಕವೇ ಇಲ್ಲ. ಕೊನೆಗೆ ಆಚೆ ಮರೆಯಲ್ಲಿದ್ದ ನೇಯುವವಳಿಗೇ ತಡೆಯಲಾಗಲಿಲ್ಲ. ಗಂಟು ಹಿಡಿದುಕೊಂಡು ಬಂದೇಬಿಟ್ಟಳು. ಬಂದವಳು ಹಾಡಲು ಬಾಯಿ ತೆರೆದಳು. ಆದರೆ ಆ ಹಾಡು ಸತ್ತವನಿಗೆ ಬರೆದದ್ದು, ಇವನು ಕಲ್ಲಿನಂತೆ ಎದುರಿಗೇ ನಿಂತಿದ್ದಾನೆ.

"ಇಲ್ಲೇ ಇದ್ದೀಯಾ?" ಎಂದಳು. ಇದು ನಾಟಕದಲ್ಲಿ ಇಲ್ಲದ ಮಾತು.

"ದೀಪ ಉರೀತಿತ್ತಲ್ಲ" ಎಂದ ಅವನು, ಮಗುವಿನ ಹಾಗೆ.

ಹಾಲಿನಲ್ಲಿ ಮೊದಲು ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಆಮೇಲೆ ಆ ನಗುವಿನೊಳಗೇ ಅಳು ಕೇಳಿಸಿತು. ಅವಳು ಗಂಟನ್ನು ಅವನ ಕೈಗೆ ಕೊಟ್ಟಳು, ಇಬ್ಬರೂ ಎರಡನೇ ಅಂಕದ ಹಾಡನ್ನೇ ಮತ್ತೆ ಹಿಡಿದರು, ಪಿಟೀಲಿನವರು ಬದುಕಿದೆವಲ್ಲ ಎಂದು ಅವರ ಹಿಂದೆ ಓಡಿದರು. ಪರದೆ ಬಿತ್ತು. ನನಗೆ ಯಾರೂ ಏನೂ ಹೇಳಲಿಲ್ಲ. ಸ್ವಲ್ಪ ಕಾದು, ನಾನೇ ಹಾಲಿನ ದೀಪ ಹತ್ತಿಸಿದೆ.

ಅಷ್ಟು ಹೊತ್ತಾದರೂ ಹೆಡ್‌ಫೋನಿನಲ್ಲಿ ಒಂದು ಪಿಸುಮಾತೂ ಇಲ್ಲ. ಪರದೆ ಇಳಿಸಲು ಅವಳು ಹೇಳಿರಬೇಕಲ್ಲ, ಅದಾದರೂ ನನಗೆ ಕೇಳಬೇಕಿತ್ತಲ್ಲ? ಸೊಂಟಕ್ಕೆ ಸಿಕ್ಕಿಸಿದ್ದ ಹೆಡ್‌ಫೋನಿನ ಡಬ್ಬಿಯನ್ನು ಬಗ್ಗಿ ನೋಡಿದೆ. ಅದರ ಕೆಂಪು ಚುಕ್ಕಿ ಆರಿತ್ತು.

ಬ್ಯಾಟರಿ. ಆಟ ಶುರುವಾಗುವ ಮುಂಚೆ ಅದನ್ನು ಬದಲಾಯಿಸಬೇಕು. ಹೊಸದು ನನ್ನ ಅಂಗಿ ಜೇಬಿನಲ್ಲೇ ಇತ್ತು. ಅವಳು ಹೇಳಿರಲಿಲ್ಲ, ನಾನು ಬದಲಾಯಿಸಿರಲಿಲ್ಲ. ನನ್ನ 'ಸಿದ್ಧ'ಕ್ಕೂ ಅವಳ 'ಈಗ'ಕ್ಕೂ ನಡುವೆ ಎಲ್ಲೋ ಅದು ಸತ್ತುಹೋಗಿತ್ತು.

ಅಷ್ಟರಲ್ಲಿ ಪರದೆ ಏಣಿಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಗೂಡಿಗೆ ನುಗ್ಗಿದ. ಮುಖ ಅರಳಿತ್ತು.

"ಅಣ್ಣ! ಎಂಥ ಗಂಡಸು ಅಣ್ಣ ನೀವು! ಅತ್ತಿಗೆ ಐದು ಸಲ 'ಈಗ' ಅಂದ್ರು. ಐದು ಸಲ! ನೀವು ಜಪ್ಪಯ್ಯ ಅನ್ಲಿಲ್ಲ."

"ಆಮೇಲೆ?"

"ಆಮೇಲೆ ಸುಮ್ನಾದ್ರು. ನಾನು ಪಕ್ಕದಲ್ಲೇ ಇದ್ನಲ್ಲ, ನೋಡ್ತಾ ಇದ್ದೆ. ಕಣ್ಣಲ್ಲಿ ನೀರು ತುಂಬ್ಕೊಂಡು, 'ಸರಿ ಬಿಡಿ, ಆರಿಸ್ಬೇಡಿ. ಗೊತ್ತಾಯ್ತು ನಂಗೆ, ಉರೀಲಿ' ಅಂದ್ರು. ನಿಮ್ಗೇ ಹೇಳಿದ್ದು! ಈಗ ಫೋನ್ ಕೈಲಿ ಹಿಡ್ಕೊಂಡಿದ್ದಾರೆ. ಆ ಕಂಪನಿಯವರಿಗೆ ಬರಲ್ಲ ಅಂತ ಹೇಳ್ತಾರಂತೆ."

ಸುಮ್ಮನಿದ್ದರೆ ಸಾಕಿತ್ತು. ಅದರಲ್ಲಿ ನಾನು ನಿಪುಣ. ಈ ಡಬ್ಬಿಯನ್ನು ಬೆಂಚಿನ ಕೆಳಗೆ ತಳ್ಳಿ, ಹೊಸ ಬ್ಯಾಟರಿ ಹಾಕಿ, ನಗುತ್ತಾ ಕೆಳಗಿಳಿದರೆ ನನ್ನ ಹೆಂಡತಿ ನನ್ನವಳಾಗಿ ಉಳಿಯುತ್ತಿದ್ದಳು. ಸತ್ತ ಬ್ಯಾಟರಿಯೊಂದನ್ನು ಗಂಡನ ಪ್ರೀತಿ ಎಂದುಕೊಂಡು, ಬಂದ ಕೆಲಸ ಬಿಟ್ಟು, ನಾಳೆ ಬೆಳಗ್ಗೆ ಮತ್ತೆ ಏಳಿ ಎನ್ನುತ್ತಿದ್ದಳು. ಆ ಆಸೆ ಒಂದು ನಿಮಿಷ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು, ಒಪ್ಪಿಕೊಳ್ಳುತ್ತೇನೆ.

ಆಮೇಲೆ ಡಬ್ಬಿಯಿಂದ ಬ್ಯಾಟರಿ ಕಿತ್ತು ಮುಷ್ಟಿಯಲ್ಲಿ ಹಿಡಿದು ಓಡಿದೆ.

ಮೆಟ್ಟಿಲು ಇಳಿದರೆ ಹಾಲಿನ ನಡುದಾರಿ ತುಂಬ ಜನ, ಯಾರಿಗೂ ಮನೆಗೆ ಹೋಗುವ ಅವಸರವಿಲ್ಲ. ಭುಜ ತೂರಿಸಿಕೊಂಡು, ಬೈಸಿಕೊಂಡು ಮುಂದೆ ಹೋದೆ. ರಂಗದ ಅಂಚಿನಲ್ಲಿ ನಾಟಕ ಆಡಿಸಿದ ಯಜಮಾನರು ಅಡ್ಡ ನಿಂತರು. ಮುಖ ಕೆಂಡವಾಗಿತ್ತು.

"ಏನಯ್ಯಾ ಮಾಡ್ದೆ? ನನ್ನ ದುರಂತ ನಾಟಕಾನ ಮದುವೆ ಮಾಡಿ ಕಳಿಸ್ದೆಯಲ್ಲೋ!"

"ಆಮೇಲೆ ಬೈಯ್ರಿ ಸಾರ್" ಎಂದು ಅವರ ತೋಳಿನ ಕೆಳಗೆ ನುಸುಳಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು.

ಅವಳು ಮೇಜಿನ ಹತ್ತಿರ ನಿಂತಿದ್ದಳು. ಫೋನು ಕಿವಿಯಲ್ಲಿತ್ತು, ಆ ಕಡೆ ಇನ್ನೂ ರಿಂಗಾಗುತ್ತಿತ್ತು. ನನ್ನನ್ನು ಕಂಡು ನಕ್ಕಳು. ಎಷ್ಟೋ ತಿಂಗಳಾಗಿತ್ತು ಆ ನಗು ನೋಡಿ. ಅದನ್ನು ನಾನೇ ಈಗ ಆರಿಸಬೇಕಿತ್ತು.

"ಕಟ್ ಮಾಡು" ಎಂದೆ. "ಒಂದು ನಿಮಿಷ. ಕಟ್ ಮಾಡು."

ಅವಳು ಕಟ್ ಮಾಡಿದಳು. ನಾನು ಮುಷ್ಟಿ ಬಿಚ್ಚಿ ತೋರಿಸಿದೆ.

"ಬ್ಯಾಟರಿ ಸತ್ತಿತ್ತು. ನೀನು 'ಈಗ' ಅಂದಿದ್ದು ನಂಗೆ ಕೇಳಿಸ್ಲೇ ಇಲ್ಲ. ನೀನೇ ಬೇಕಂತ ಹೇಳ್ತಿಲ್ಲ ಅಂದ್ಕೊಂಡೆ."

ಅವಳು ಬ್ಯಾಟರಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಗು ಮುಖದಲ್ಲೇ ಉಳಿದಿತ್ತು, ಆದರೆ ಅದರ ಹಿಂದೆ ಏನೂ ಇರಲಿಲ್ಲ.

"ಕೇಳಿಸಿದ್ರೆ?"

"ಆರಿಸ್ತಿದ್ದೆ."

"ಸುಮ್ನೆ ಇದ್ದಿದ್ರೆ ನಾನು ಉಳ್ಕೊಂಡ್‌ಬಿಡ್ತಿದ್ದೆ."

"ಗೊತ್ತು."

"ಮತ್ಯಾಕೆ ಬಂದು ಹೇಳಿದ್ರಿ?"

ಸುತ್ತ ಸಾಮಾನು ಎತ್ತುವವರು ಸೇತುವೆಯ ಬೋಲ್ಟು ಬಿಚ್ಚತೊಡಗಿದ್ದರು. ಪರದೆ ನನ್ನ ಹಿಂದೆಯೇ ಓಡಿಬಂದು ಹಗ್ಗ ಹಿಡಿದು ನಿಂತಿದ್ದ, ಸೌಂಡಿನವನು ತಂತಿ ಸುತ್ತುವ ನೆಪದಲ್ಲಿ ಅಲ್ಲೇ ಇದ್ದ. ಇಬ್ಬರು ಕೇಳಿಸಿಕೊಂಡರೇನು, ಇನ್ನೂರು ಜನ ಕೇಳಿಸಿಕೊಂಡರೇನು.

"ದೀಪ ನೋಡ್ಕೊಂಡು ತಪ್ಪು ತಿಳ್ಕೊಂಡು ಸಾಯೋದನ್ನ ಇನ್ನೂರ ಹನ್ನೊಂದು ಸಲ ನೋಡಿದ್ದೀನಿ. ಸಾಕಾಗಿದೆ. ನೀನು ಅವತ್ತು ಹೇಳಿದ್ಯಲ್ಲ, ನಡ್ಕೊಂಡು ಹೋಗಿ ಕೇಳ್ಬಹುದಿತ್ತು ಅಂತ. ಅದಕ್ಕೆ ಬಂದೆ. ನಿನ್ನಿಷ್ಟ ಅಂದಿದ್ದು ತಪ್ಪಾಯ್ತು. ನನ್ನಿಷ್ಟ ಏನು ಅಂತ ಕೇಳೋಕೆ ನೀನು ಕಾದೆ, ನಾನು ಹೇಳ್ಲಿಲ್ಲ. ನೀನಿಲ್ದೆ ಆ ಮನೇಲಿ ಇರೋಕೆ ನನ್ನಿಂದ ಆಗಲ್ಲ. ಆದ್ರೆ ಹೋಗ್ಬೇಡ ಅನ್ನಲ್ಲ. ಅದು ಒಳ್ಳೆ ಕೆಲಸ, ನೀನು ಹೋಗು. ನಾನೂ ಬರ್ಲಾ?"

ಅವಳು ಮಾತಾಡಲಿಲ್ಲ. ಈ ಸಲ ನನ್ನ ಕಿವಿಯಲ್ಲಿ ಹೆಡ್‌ಫೋನು ಇರಲಿಲ್ಲ, ಅವಳು ಉಸಿರೆಳೆಯುವುದು ನನಗೆ ಕೇಳುತ್ತಿತ್ತು. ಈ ಮೌನ ನಿಜವಾಗಿಯೂ ಅವಳದ್ದೇ. ಅದಕ್ಕೆ ನಾನು ಯಾವ ಅರ್ಥವನ್ನೂ ಹಚ್ಚಲಿಲ್ಲ. ಸುಮ್ಮನೆ ನಿಂತು ಕಾದೆ.

"ಇಪ್ಪತ್ತಾರು ವರ್ಷದ ಗೂಡು ಬಿಟ್ಟು ಬರ್ತೀರಾ?"

"ಬರ್ತೀನಿ."

"ಅಲ್ಲಿ ಗೂಡು ಗೀಡು ಇರಲ್ಲ. ದಿನಾ ಲೈಟು ನೀವೇ ಹೊರ್ಬೇಕು, ನೀವೇ ಕಟ್ಬೇಕು."

"ಕಟ್ತೀನಿ."

ಅವಳು ಫೋನು ಎತ್ತಿ ಮತ್ತೆ ನಂಬರು ಒತ್ತಿದಳು. ಈ ಸಲ ಆ ಕಡೆಯವರು ತಕ್ಷಣ ಎತ್ತಿಕೊಂಡರು. ನನ್ನಿಂದ ಅರ್ಧ ತಿರುಗಿ ನಿಂತು ಮಾತಾಡಿದಳು. "ಹ್ಞಾಂ, ಬರ್ತಿದ್ದೀನಿ... ಇಲ್ಲ, ಅದಲ್ಲ. ನಿಮ್ಗೆ ಲೈಟಿನವ್ರು ಬೇಕಾ?" ಬಹಳ ಹೊತ್ತು ಕೇಳಿಸಿಕೊಂಡಳು. "ಅನುಭವ ಇದೆ. ಹೇಳಿದ ಕೆಲಸ ಮಾಡ್ತಾರೆ." ನನ್ನ ಕಡೆ ಒಂದು ಕಣ್ಣು ಹಾಯಿಸಿದಳು. "ಹೇಳದೆ ಇರೋದನ್ನೂ ಮಾಡ್ತಾರೆ. ಇವತ್ತಿಂದ."

ಫೋನು ಇಟ್ಟು, ನಾಟಕದ ಪ್ರತಿ ಮಡಚಿ, ನೀಲಿ ಬಲ್ಬಿನ ತಂತಿ ಕಿತ್ತಳು.

"ಬಸ್ಸಲ್ಲಿ ಸೀಟಿಲ್ಲ. ಸಾಮಾನಿನ ಲಾರೀಲಿ ಡ್ರೈವರ್ ಪಕ್ಕ ಜಾಗ ಇದ್ಯಂತೆ. ಸಂಬಳ ನೋಡಿ ಹೇಳ್ತಾರಂತೆ."

"ಆಯ್ತು."

"ನನ್ನ ಬ್ಯಾಗು ತುಂಬೋಗಿದೆ. ನಿಮ್ಮ ಬಟ್ಟೆಗೆ ಅದ್ರಲ್ಲಿ ಜಾಗ ಇಲ್ಲ."

"ಮತ್ತೆ ನಾನೇನು..." ಎಂದು ಶುರುಮಾಡಿ, ಅವಳು ಹುಬ್ಬೇರಿಸಿದ್ದು ಕಂಡು ಅಲ್ಲಿಗೇ ನಿಲ್ಲಿಸಿದೆ. ಅಟ್ಟದ ಮೇಲೆ ಹಳೆಯ ಟ್ರಂಕೊಂದು ಇರುವುದು ತಾನಾಗಿ ನೆನಪಾಯಿತು.

ಆರು ಗಂಟೆಗೆ ಐದು ನಿಮಿಷವಿತ್ತು. ಸೇತುವೆಯ ಅರ್ಧ ಬಿಚ್ಚಿಯಾಗಿತ್ತು. ಆಚೆ ಗೋಡೆಯ ಕಿಟಕಿಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು, ಗೂಡಿಗೆ ಹೋಗಿ ತೊಂಬತ್ತನಾಲ್ಕು ಒತ್ತುವವರು ಯಾರೂ ಇರಲಿಲ್ಲ. "ಆ ದೀಪ ಆರಿಸ್ಬೇಕಲ್ಲ?" ಎಂದು ಅವಳನ್ನು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. ಅದನ್ನು ಹಾಗೇ ಬಿಟ್ಟು, ಟ್ರಂಕು ಇಳಿಸಲು ಮನೆಗೆ ಓಡಿದೆ.